ಆಕ್ಸ್‌ಫರ್ಡಿಗೆ ಹೋದ ಕೊಡಗು



ಉನ್ನತ ಶಿಕ್ಷಣದ ಬಗ್ಗೆ ಮಡಿಕೇರಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎಂಬುದು ಈ ದತ್ತಿಯನ್ನಿಟ್ಟ ದಾನಿಗಳ ಆಸೆ. ಈ ಸಲ ಯಾವ ವಿಷಯ ಎಂದು ಸಮಿತಿಯವರು ಕೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಕುಶಾಲನಗರದಿಂದ ಗೋಣಿಕೊಪ್ಪದವರೆಗೆ ಬಸ್ಸಿನಲ್ಲಿ ಹೋದರೆ ಜರ್ಮನಿ, ಐರ್ಲೆಂಡ್, ಕೆನಡಾ ಎಂದು ಬರೆದ ವಿದೇಶಿ ಓದಿನ ಏಜೆಂಟರ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. 2024, 2025ರಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದ ಮೇಲೆ, ಹಿಂದೆ ಇಂಥ ಯೋಚನೆಯನ್ನೇ ಮಾಡದಿದ್ದ ಮನೆಗಳಲ್ಲೂ ಮಕ್ಕಳನ್ನು ಸ್ನಾತಕೋತ್ತರ ಪದವಿಗೆ ಹೊರದೇಶಕ್ಕೆ ಕಳಿಸುವ ಮಾತು ಎದ್ದಿದೆ. ಈ ಸಭೆಯಲ್ಲಿಯೇ ಅರ್ಜಿ ತುಂಬುತ್ತಿರುವವರು ಇದ್ದೀರಿ. ಅರ್ಜಿ ತುಂಬುವ ಮಕ್ಕಳಿಗಾಗಿ ಪಹಣಿ ಹಿಡಿದು ಬ್ಯಾಂಕಿಗೆ ಅಲೆಯುತ್ತಿರುವ ತಂದೆ ತಾಯಂದಿರೂ ಇದ್ದೀರಿ.

ಹೋಗಬೇಡಿ ಎಂದು ಹೇಳಲು ನಾನು ನಿಂತಿಲ್ಲ. ಹೋಗುವಾಗ ಏನನ್ನು ಜೊತೆಗೆ ಒಯ್ಯುತ್ತೀರಿ ಎಂಬುದನ್ನು ಕೇಳಬೇಕಾಗಿದೆ. ಅದಕ್ಕೆ ಕೊಡಗಿನದೇ ಒಂದು ಹಳೆಯ ಉದಾಹರಣೆ ಇದೆ. ಹೋದವರು ಕೊಡಗಿನವರಲ್ಲ, ಮೈಸೂರಿನವರು. ಆದರೆ ಅವರು ಒಯ್ದದ್ದು ಕೊಡಗನ್ನು.

ಮೈಸೂರು ನರಸಿಂಹಾಚಾರ್ ಶ್ರೀನಿವಾಸ್, ಎಂ.ಎನ್. ಶ್ರೀನಿವಾಸ್ ಎಂದರೆ ಎಲ್ಲರಿಗೂ ಗೊತ್ತು, ಹುಟ್ಟಿದ್ದು 1916ರ ನವೆಂಬರ್ 16ರಂದು. ಮಹಾರಾಜಾ ಕಾಲೇಜಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರ ಓದಿ 1936ರಲ್ಲಿ ಆನರ್ಸ್ ಮುಗಿಸಿದರು. ಮುಂದೆ ಬಾಂಬೆಗೆ ಹೋಗಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾದರು. ಘುರ್ಯೆ ಸ್ವತಃ ಕೇಂಬ್ರಿಜ್‌ನಲ್ಲಿ ಪಿಎಚ್‌.ಡಿ. ಮಾಡಿ ಬಂದವರು. ಅಲ್ಲಿ ಕಲಿತ ವಿದ್ಯೆಯಿಂದ ಬಾಂಬೆ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗವನ್ನು ಬೆಳೆಸಿದವರು. ಶ್ರೀನಿವಾಸರ ಎಂ.ಎ. ಪ್ರಬಂಧ ಮೈಸೂರು ಸೀಮೆಯ ಕನ್ನಡ ಜಾತಿಗಳ ಮದುವೆ ಮತ್ತು ಕುಟುಂಬದ ಮೇಲೆ. ಅದು 1942ರಲ್ಲಿ ಪುಸ್ತಕವಾಯಿತು. ಪಿಎಚ್‌.ಡಿ.ಗೆ ಅವರಿಗೆ ಸಿಕ್ಕ ಕ್ಷೇತ್ರ ಕೊಡಗು.

ಆಗಿನ ಕೊಡಗನ್ನು ಸ್ವಲ್ಪ ನೆನೆದುಕೊಳ್ಳಿ. ಚೀಫ್ ಕಮಿಷನರ್ ಆಳ್ವಿಕೆಯ ಸಣ್ಣ ಪ್ರಾಂತ್ಯ. ಮಡಿಕೇರಿಯಲ್ಲಿ ಪದವಿ ಕಾಲೇಜು ಇರಲಿಲ್ಲ. ಈಗ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿರುವ ನಮ್ಮ ಕಾಲೇಜು ಶುರುವಾದದ್ದೇ 1949ರಲ್ಲಿ. ಬಿ.ಎ. ಬೇಕೆಂದರೆ ಮದ್ರಾಸಿಗೋ ಮಂಗಳೂರಿಗೋ ಮೈಸೂರಿಗೋ ಹೋಗಬೇಕು. ಕೊಡಗಿನ ಹುಡುಗ ವಿದೇಶಕ್ಕೆ ಕಲಿಯಲು ಹೋದ ಎಂದರೆ ಹೆಚ್ಚಾಗಿ ಸೈನ್ಯದ ದಾರಿಯಲ್ಲಿ. ತಿಮ್ಮಯ್ಯನವರು 1926ರಲ್ಲಿ ಸ್ಯಾಂಡ್‌ಹರ್ಸ್ಟ್ ಮುಗಿಸಿದರು. ಕಾರ್ಯಪ್ಪನವರು 1947ರಲ್ಲಿ ಲಂಡನ್ನಿನ ಇಂಪೀರಿಯಲ್ ಡಿಫೆನ್ಸ್ ಕಾಲೇಜಿನಲ್ಲಿದ್ದರು. ಅದೇ 1947ರಲ್ಲಿ ಲಂಡನ್ನಿನಿಂದ ಹೆಚ್ಚು ದೂರವಿಲ್ಲದ ಆಕ್ಸ್‌ಫರ್ಡಿನಲ್ಲಿ, ಕೊಡವರ ಧರ್ಮ ಮತ್ತು ಸಮಾಜದ ಮೇಲೆ ಬರೆದ ಪ್ರಬಂಧಕ್ಕೆ ಶ್ರೀನಿವಾಸರಿಗೆ ಡಿ.ಫಿಲ್. ಸಿಕ್ಕಿತು. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದವರು ಕಡಿಮೆ. ಮೊದಲನೆಯದನ್ನು ಕೊಡಗು ಹೆಮ್ಮೆಯಿಂದ ನೆನೆಯುತ್ತದೆ. ಎರಡನೆಯದನ್ನೂ ನೆನೆಯಬೇಕು.

1940ರ ಆಸುಪಾಸಿನಲ್ಲಿ ಅವರು ಇಲ್ಲಿ ಓಡಾಡಿ ವಿಷಯ ಸಂಗ್ರಹಿಸಿದರು. ನಡುವೆ ಆರೋಗ್ಯ ಕೆಟ್ಟಿತು. ಬೇಕೆಂದಷ್ಟು ಕಾಲ ಹಳ್ಳಿಗಳಲ್ಲಿ ಇರಲಾಗಲಿಲ್ಲ. ಹಾಗಾಗಿ ಕಂಡು ಕೇಳಿದ್ದರ ಜೊತೆಗೆ ಓದಿದ್ದನ್ನೂ ಅವರು ಚೆನ್ನಾಗಿ ಬಳಸಿಕೊಂಡರು. ಹರ್ಮನ್ ಮೋಗ್ಲಿಂಗ್ 1855ರಲ್ಲಿ ಬರೆದದ್ದು ಇತ್ತು. ಮಡಿಕೇರಿಯಲ್ಲಿ ಮೇಷ್ಟರಾಗಿದ್ದ ರಿಕ್ಟರ್ 1870ರಲ್ಲಿ ಬರೆದ ಕೈಪಿಡಿ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಇತ್ತು; 1924ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಡವ ಹಾಡು, ಪದ್ಧತಿ, ಗಾದೆಗಳ ಸಂಗ್ರಹ. ಪೊಲೀಸ್ ಇಲಾಖೆಯಲ್ಲಿ ಕೆಲಸದಲ್ಲಿದ್ದ ಮನುಷ್ಯ ಊರೂರು ತಿರುಗಿ ಹಾಡುಗಾರರ ಬಾಯಿಂದ ಕೇಳಿ ಬರೆದುಕೊಂಡ ಪುಸ್ತಕ ಅದು. ಆಕ್ಸ್‌ಫರ್ಡಿನ ಪ್ರಬಂಧದ ಅಡಿಪಾಯದಲ್ಲಿ ಅದೂ ಒಂದು ಕಲ್ಲು. ವಿದೇಶಿ ಪದವಿಯ ಹಿಂದೆ ಊರಿನ ಯಾರೋ ಒಬ್ಬರು ವರ್ಷಗಟ್ಟಲೆ ಸುಮ್ಮನೆ ಮಾಡಿಟ್ಟ ಕೆಲಸ ಇರುತ್ತದೆ. ಇದನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇನೆ.

1944ರಲ್ಲಿ ಬಾಂಬೆಗೆ ಅವರು ಕೊಟ್ಟ ಪಿಎಚ್‌.ಡಿ. ಪ್ರಬಂಧ ಎರಡು ಸಂಪುಟ, ಹತ್ತಿರ ಹತ್ತಿರ 900 ಪುಟ. ಮಾಹಿತಿ ತುಂಬಿ ತುಳುಕುತ್ತಿತ್ತು. ಮದುವೆ ಹೇಗೆ, ಸಾವಿನ ವಿಧಿ ಹೇಗೆ, ಹುತ್ತರಿ ಹೇಗೆ, ಕೈಲುಮುಹೂರ್ತ ಹೇಗೆ, ಎಲ್ಲವೂ ಇತ್ತು. ಡಾಕ್ಟರೇಟೂ ಬಂತು. ಅಲ್ಲಿಗೇ ನಿಂತಿದ್ದರೆ ಅವರೊಬ್ಬ ಒಳ್ಳೆಯ ಅಧ್ಯಾಪಕರಾಗಿರುತ್ತಿದ್ದರು, ಆ ಪ್ರಬಂಧ ಗ್ರಂಥಾಲಯದ ಕಪಾಟಿನಲ್ಲಿ ಧೂಳು ತಿನ್ನುತ್ತಾ ಇರುತ್ತಿತ್ತು.

1945ರಲ್ಲಿ ಅವರು ಆಕ್ಸ್‌ಫರ್ಡಿಗೆ ಹೋದರು. ಯುದ್ಧ ಮುಗಿಯುತ್ತಿದ್ದ ಕಾಲ. ಇಂಗ್ಲೆಂಡಿನಲ್ಲಿ ಊಟಕ್ಕೂ ಬಟ್ಟೆಗೂ ರೇಷನ್. ಅಲ್ಲಿ ಸಾಮಾಜಿಕ ಮಾನವಶಾಸ್ತ್ರದ ಪೀಠದಲ್ಲಿದ್ದವರು ರ್‍ಯಾಡ್‌ಕ್ಲಿಫ್–ಬ್ರೌನ್. ಅಂಡಮಾನ್ ದ್ವೀಪದ ಜನರ ಆಚರಣೆಗಳ ಮೇಲೆ ಅವರ ಪುಸ್ತಕ 1922ರಲ್ಲೇ ಬಂದಿತ್ತು. ಶ್ರೀನಿವಾಸರು ತಾವು ಮಾಡಬೇಕೆಂದುಕೊಂಡಿದ್ದ ಹೊಸ ವಿಷಯ ಹೇಳಿದರು: ದಕ್ಷಿಣ ಭಾರತದ ಮೂರು ಸಮುದಾಯಗಳ ಸಂಸ್ಕೃತಿಯ ಮಾದರಿಗಳನ್ನು ಹೋಲಿಸುವುದು. ಆಗ ಅಮೆರಿಕದಿಂದ ಬಂದ ರೂತ್ ಬೆನೆಡಿಕ್ಟ್ ಅವರ ವಿಚಾರಗಳ ಸೆಳೆತ ಅದರಲ್ಲಿತ್ತು. ಗುರುಗಳು ಒಪ್ಪಲಿಲ್ಲ. ನಿನ್ನ ಬಳಿ ಕೊಡಗಿನ ಸಾಮಗ್ರಿ ಇಷ್ಟೊಂದು ಇದೆಯಲ್ಲ, ಅದನ್ನೇ ಮತ್ತೆ ನೋಡು. ಧರ್ಮಕ್ಕೂ ಸಮಾಜಕ್ಕೂ ನಡುವೆ ಇರುವ ಸಂಬಂಧವನ್ನು ಅದರಲ್ಲಿ ಹುಡುಕು ಎಂಬುದು ಅವರ ಸಲಹೆಯ ತಿರುಳು.

ಈ ಸಲಹೆಯ ಬೆಲೆಯನ್ನು ನಾವು ತಿಳಿದುಕೊಳ್ಳಬೇಕು. ಒಂದು ಸಲ ಡಾಕ್ಟರೇಟ್ ಪಡೆದ ವ್ಯಕ್ತಿಗೆ, ಏಳು ಸಮುದ್ರ ದಾಟಿ ಬಂದ ಮೇಲೆ, ಹಳೆಯ ಟಿಪ್ಪಣಿಗಳನ್ನೇ ಬಿಚ್ಚು ಎಂದರೆ ಎಷ್ಟು ಜನ ಬಿಚ್ಚುತ್ತಾರೆ? ಶ್ರೀನಿವಾಸರು ಬಿಚ್ಚಿದರು. ಹೊಸದಾಗಿ ಒಂದು ಸಂಗತಿಯನ್ನೂ ಸಂಗ್ರಹಿಸದೆ, ಇದ್ದದ್ದನ್ನೇ ಇಟ್ಟುಕೊಂಡು ಅವರು ಬೇರೆ ಪುಸ್ತಕ ಬರೆದರು.

ಬೇರೆ ಹೇಗಾಯಿತು ಎಂದು ಒಂದು ಆಚರಣೆ ಹಿಡಿದು ತೋರಿಸುತ್ತೇನೆ. ಹುತ್ತರಿಯ ರಾತ್ರಿ ನಿಮಗೆಲ್ಲ ಗೊತ್ತಿರುವುದೇ. ಒಕ್ಕದವರು, ಅಂದರೆ ಒಂದೇ ಮೂಲದ ಅಣ್ಣತಮ್ಮಂದಿರ ಸಂಸಾರದವರು, ಹಿರಿಯರ ಐನ್‌ಮನೆಗೆ ಸೇರುತ್ತಾರೆ. ನಡುಮನೆಯಲ್ಲಿ ತೂಗುದೀಪ ಬೆಳಗುತ್ತದೆ. ಹಿರಿಯರನ್ನು ನೆನೆದು, ಮುಹೂರ್ತಕ್ಕೆ ಸರಿಯಾಗಿ ಗದ್ದೆಗೆ ಹೋಗಿ, ಕೋವಿ ಹಾರಿಸಿ, ಕದಿರು ಕೊಯ್ದು, ಹೊತ್ತು ತಂದು ಮನೆಯಲ್ಲಿ ಕಟ್ಟುತ್ತಾರೆ. ಬಾಂಬೆ ಪ್ರಬಂಧದ ಬಗೆಯಲ್ಲಿ ಇದನ್ನು ಬರೆದರೆ ಮೊದಲು ಇದು, ಆಮೇಲೆ ಇದು ಎಂದು ಕ್ರಮ ಹೇಳಿ ಮುಗಿಸಬಹುದು. ಆಕ್ಸ್‌ಫರ್ಡಿನ ಪ್ರಶ್ನೆ ಬೇರೆ: ವರ್ಷವಿಡೀ ಬೇರೆ ಬೇರೆ ಕಡೆ ಇರುವ, ಒಳಗೊಳಗೆ ಜಗಳವೂ ಇರುವ ಅಣ್ಣತಮ್ಮಂದಿರ ಸಂಸಾರಗಳನ್ನು ಆ ಒಂದು ರಾತ್ರಿ ಒಂದೇ ದೀಪದ ಕೆಳಗೆ ನಿಲ್ಲಿಸುವುದು ಯಾವುದು? ಒಕ್ಕ ಎಂದರೆ ಅಂದು ಅಲ್ಲಿ ನಿಂತವರ ಲೆಕ್ಕವಷ್ಟೇ ಆಗಿದ್ದರೆ ಅದು ಎಂದೋ ಒಡೆದುಹೋಗುತ್ತಿತ್ತು. ಗತಿಸಿದ ಕಾರಣವರೂ ಹುಟ್ಟಲಿರುವ ಮಕ್ಕಳೂ ಅದರೊಳಗಿದ್ದಾರೆ. ಆಚರಣೆಯಿಂದ ಆ ಮುಂದುವರಿಕೆ ಕಣ್ಣಿಗೆ ಕಾಣುತ್ತದೆ. ಹೀಗೆ ಒಕ್ಕದಿಂದ ಹಳ್ಳಿಗೆ, ಹಳ್ಳಿಯಿಂದ ನಾಡಿಗೆ ಅವರು ನಡೆದರು. ಹಳ್ಳಿಯ ಹಬ್ಬದಲ್ಲಿ ಮೇದ, ಬಣ್ಣ, ಕಣಿಯ, ಪಣಿಕ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಯಾಕಿದೆ ಎಂದು ಕೇಳಿದರು. ಕಾವೇರಮ್ಮ ಕೊಡಗಿನ ದೇವತೆಯೂ ಹೌದು, ಇಡೀ ದೇಶದ ಪುಣ್ಯನದಿಯೂ ಹೌದು. ಊರಿನ ದೇವರು, ಸೀಮೆಯ ದೇವರು, ದಕ್ಷಿಣದ ದೇವರು, ದೇಶದ ದೇವರು ಎಂದು ಹಿಂದೂ ಧರ್ಮದ ಹರವನ್ನು ಅವರು ಹಂತ ಹಂತವಾಗಿ ಗುರುತಿಸಿದರು.

ಸಂಸ್ಕೃತೀಕರಣ ಎಂಬ ಪರಿಕಲ್ಪನೆ ಹುಟ್ಟಿದ್ದೂ ಈ ಪುಸ್ತಕದಲ್ಲೇ. ಮಾಂಸ ಬಿಟ್ಟು, ಜನಿವಾರ ತೊಟ್ಟು, ಬ್ರಾಹ್ಮಣರ ನಡವಳಿಕೆಗೆ ಹತ್ತಿರವಾದ ಅಮ್ಮಕೊಡವರು ಅವರಿಗೆ ಒಂದು ಮುಖ್ಯ ನಿದರ್ಶನವಾದರು. ಇಂದು ಭಾರತದ ಯಾವ ವಿಶ್ವವಿದ್ಯಾಲಯದ ಸಮಾಜಶಾಸ್ತ್ರದ ಪ್ರಶ್ನೆಪತ್ರಿಕೆ ತೆಗೆದರೂ ಆ ಪದ ಸಿಗುತ್ತದೆ. ಅದರ ಬೇರು ಕಾವೇರಿಯ ದಂಡೆಯಲ್ಲಿದೆ ಎಂದು ಬರೆಯುವ ವಿದ್ಯಾರ್ಥಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ನಡುವೆ 1946ರಲ್ಲಿ ರ್‍ಯಾಡ್‌ಕ್ಲಿಫ್–ಬ್ರೌನ್ ನಿವೃತ್ತರಾದರು. ಪೀಠಕ್ಕೆ ಇವಾನ್ಸ್–ಪ್ರಿಚರ್ಡ್ ಬಂದರು. ಮೊದಲಿನವರಿಗೆ ಸಮಾಜದಲ್ಲೂ ಪ್ರಕೃತಿಯಲ್ಲಿರುವಂಥ ನಿಯಮಗಳನ್ನು ಕಂಡುಹಿಡಿಯಬಹುದೆಂಬ ನಂಬಿಕೆ. ಎರಡನೆಯವರಿಗೆ ಅದರಲ್ಲಿ ಅನುಮಾನ. ಈ ವಿದ್ಯೆ ಇತಿಹಾಸಕ್ಕೆ ಹತ್ತಿರ ಎಂದು ಮುಂದೆ ಬಹಿರಂಗವಾಗಿಯೇ ಹೇಳಿದರು. ಒಂದೇ ಪ್ರಬಂಧಕ್ಕೆ ಬೇರೆ ಬೇರೆ ಮನಸ್ಸಿನ ಇಬ್ಬರು ಗುರುಗಳು. ವಿದೇಶದ ಒಳ್ಳೆಯ ವಿಶ್ವವಿದ್ಯಾಲಯದಿಂದ ಪಡೆಯಬಹುದಾದ ದೊಡ್ಡ ಲಾಭ ಇದೇ ಎಂದು ನನಗನ್ನಿಸುತ್ತದೆ: ಗುರುವಿನ ಮಾತನ್ನು ಗುರುವಿನ ಎದುರಲ್ಲೇ ಪ್ರಶ್ನಿಸುವುದನ್ನು ನೋಡುವುದು, ಆ ಜಗಳದ ನಡುವೆ ತನ್ನ ಮಾತನ್ನು ತಾನು ಕಂಡುಕೊಳ್ಳುವುದು. ಪುಸ್ತಕ 1952ರಲ್ಲಿ ಕ್ಲಾರೆಂಡನ್ ಪ್ರೆಸ್ಸಿನಿಂದ ಬಂತು, ರ್‍ಯಾಡ್‌ಕ್ಲಿಫ್–ಬ್ರೌನ್ ಅವರ ಮುನ್ನುಡಿಯೊಂದಿಗೆ.

ಪುಸ್ತಕಕ್ಕೆ ಕೊರತೆಗಳಿಲ್ಲವೆಂದು ನಾನು ಹೇಳಲಾರೆ. ಒಕ್ಕ, ಹಳ್ಳಿ, ನಾಡು ಎಂದು ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ಕೂತಿರುವ ಕೊಡಗು ಅದರಲ್ಲಿ ಕಾಣುತ್ತದೆ. ಅದೇ ಕಾಲದ ಕಾಫಿ ತೋಟ, ತೋಟದ ಲೈನ್ ಮನೆ, ಅಲ್ಲಿ ದುಡಿಯುವ ಎರವರ ಬದುಕು ಆ ಚಿತ್ರದ ಅಂಚಿನಲ್ಲೇ ಉಳಿಯಿತು. ಕೊಡವರ ನಂಬಿಕೆಗಳನ್ನು ದೊಡ್ಡ ಹಿಂದೂ ಧರ್ಮದ ಮೆಟ್ಟಿಲಲ್ಲಿ ಕೂರಿಸಿದ್ದನ್ನು ಒಪ್ಪದ ಕೊಡವ ಓದುಗರಿದ್ದಾರೆ. ಅವರ ವಾದದಲ್ಲಿ ಹುರುಳಿದೆ. ಈ ಕೊರತೆಗಳು ಮುಂದಿನವರ ಪಾಲಿನ ಕೆಲಸ. ಈ ಸಭೆಯಲ್ಲಿರುವ ಯಾರಾದರೂ ಅದನ್ನು ಎತ್ತಿಕೊಳ್ಳಬೇಕೆಂಬುದು ನನ್ನ ಆಸೆ.

ಎತ್ತಿಕೊಂಡವರು ಬೇರೆ ಶಾಸ್ತ್ರದಲ್ಲಿ ಆಗಲೇ ಇದ್ದಾರೆ. ಶ್ರೀನಿವಾಸರ ನಂತರ ಅರ್ಧ ಶತಮಾನ ಕಳೆದು ಶೋನಿಲ್ ಭಾಗವತ್ ಎಂಬ ಭಾರತೀಯ ವಿದ್ಯಾರ್ಥಿ ಅದೇ ಆಕ್ಸ್‌ಫರ್ಡಿನಲ್ಲಿ ಡಿ.ಫಿಲ್.ಗೆ ಕೊಡಗಿನ ದೇವರಕಾಡುಗಳನ್ನು ಅಧ್ಯಯನ ಮಾಡಿದರು. ನಮ್ಮ ಜಿಲ್ಲೆಯಲ್ಲಿ ದಾಖಲಾದ ದೇವರಕಾಡುಗಳು 1,214. ಅವರು ದೇವರಕಾಡು, ನೆರಳಿನ ಕಾಫಿ ತೋಟ, ಸರ್ಕಾರದ ಮೀಸಲು ಅರಣ್ಯ ಮೂರರಲ್ಲೂ ಮರ, ಹಕ್ಕಿ, ಅಣಬೆಗಳನ್ನು ಎಣಿಸಿ ನೋಡಿದರು. ಕಾಡು ಉಳಿಸುವುದೆಂದರೆ ಬೇಲಿ ಹಾಕಿದ ಅಭಯಾರಣ್ಯ ಮಾತ್ರವಲ್ಲ, ನಡುನಡುವೆ ಇರುವ ದೇವರಕಾಡನ್ನೂ ಮರಗಳಿರುವ ತೋಟವನ್ನೂ ಸೇರಿಸಿ ಒಟ್ಟು ಸೀಮೆಯನ್ನೇ ನೋಡಬೇಕು ಎಂಬ ವಾದ ಅದರಿಂದ ಬಂತು. 2005ರಲ್ಲಿ ಪ್ರಕಟವಾದ ಆ ಸಂಶೋಧನಾ ಲೇಖನದ ಲೇಖಕರಲ್ಲಿ ಪೊನ್ನಂಪೇಟೆ ಅರಣ್ಯ ಕಾಲೇಜಿನ ಸಿ.ಜಿ. ಕುಶಾಲಪ್ಪನವರ ಹೆಸರೂ ಇದೆ. ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಪಟ್ಟೋಲೆ ಪಳಮೆ ಬರೆದವರು ಶ್ರೀನಿವಾಸರ ಪುಸ್ತಕದಲ್ಲಿ ಆಕರವಾಗಿ ಬರುತ್ತಾರೆ. ಕುಶಾಲಪ್ಪನವರು ಇಲ್ಲಿ ಸಹಲೇಖಕರಾಗಿ ಬರುತ್ತಾರೆ. ನಡುವಿನ ಐದು ದಶಕಗಳಲ್ಲಿ ಕೊಡಗಿಗೆ ಒಂದು ಕಾಲೇಜು ಬಂದದ್ದರಿಂದ ಆದ ವ್ಯತ್ಯಾಸ ಇದು. ಪೊನ್ನಂಪೇಟೆಯ ಕಾಲೇಜು ಶುರುವಾದದ್ದು 1995ರಲ್ಲಿ.

ಈಗ ಹಣದ ಮಾತಿಗೆ ಬರುತ್ತೇನೆ. ತಂದೆ ತಾಯಂದಿರ ಮನಸ್ಸಿನಲ್ಲಿರುವುದು ಇದೇ ಎಂದು ಬಲ್ಲೆ.

ಶಿಕ್ಷಣ ಸಾಲ 7.5 ಲಕ್ಷ ದಾಟಿತೆಂದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತದೆ. ಕೃಷಿ ಭೂಮಿಗಿಂತ ಪಟ್ಟಣದ ಮನೆ, ನಿವೇಶನ, ಠೇವಣಿ ಇದ್ದರೆ ಅವರಿಗೆ ಅನುಕೂಲ. ಕೊಡಗಿನಲ್ಲಿ ಆಸ್ತಿಯೆಂದರೆ ತೋಟ, ಗದ್ದೆ, ಬಾಣೆ. ಅದರಲ್ಲೂ ಒಕ್ಕಕ್ಕೆ ಒಟ್ಟಾಗಿ ಸೇರಿದ ಜಮ್ಮಾ ಹಿಡುವಳಿಯಾದರೆ ಕಷ್ಟ ಇಮ್ಮಡಿ. ಪರಿಚಯದ ಬೆಳೆಗಾರರೊಬ್ಬರು ಮಗನ ಪ್ರವೇಶಪತ್ರ ಮತ್ತು ಪಹಣಿ ಎರಡನ್ನೂ ಮೇಜಿನ ಮೇಲಿಟ್ಟು ತೋರಿಸಿದರು. ಪಹಣಿಯ 9ನೇ ಕಾಲಂನಲ್ಲಿ ಇದ್ದದ್ದು ಅವರ ಮುತ್ತಜ್ಜನ ಹೆಸರು, ಪಟ್ಟೆದಾರನೆಂದು. ಅದರ ಕೆಳಗೆ ಪಾಲುದಾರರ ಸಾಲು. ಅರ್ಧ ಜನ ತೀರಿಕೊಂಡವರು, ಒಬ್ಬರು ಮುಂಬೈನಲ್ಲಿ, ಒಬ್ಬರ ವಿಳಾಸವೇ ಯಾರಿಗೂ ಗೊತ್ತಿಲ್ಲ. ವಾಸ್ತವದಲ್ಲಿ ತಲೆಮಾರಿನಿಂದ ಆ ಹತ್ತು ಎಕರೆ ಮಾಡಿಕೊಂಡು ಬಂದವರು ಇವರೇ. ಆದರೆ ಬ್ಯಾಂಕಿಗೆ ಎಲ್ಲರ ಸಹಿ ಬೇಕು. “ತೋಟ ಉಂಟು ಸರ್, ಕಾಗದದಲ್ಲಿ ನಾನೇ ಇಲ್ಲ” ಎಂದರು. ಒಕ್ಕವನ್ನು ಒಡೆಯದಂತೆ ಕಾಪಾಡಿಕೊಂಡು ಬಂದ ಅದೇ ಹಿಡುವಳಿ ಇವತ್ತು ಮಗನ ಓದಿಗೆ ಅಡ್ಡ ಬಂದಿತ್ತು. ಮಕ್ಕಳನ್ನು ಕಳಿಸುವ ಯೋಚನೆ ಇರುವವರು ಪ್ರವೇಶಪತ್ರ ಬರುವವರೆಗೆ ಕಾಯದೆ, ಎರಡು ಮೂರು ವರ್ಷ ಮೊದಲೇ ತಾಲ್ಲೂಕು ಕಚೇರಿಯ ಕೆಲಸ ಶುರುಮಾಡಬೇಕು. ಇದಕ್ಕಿಂತ ಉಪಯೋಗದ ಮಾತು ಈ ಉಪನ್ಯಾಸದಲ್ಲಿ ಬೇರೆ ಇಲ್ಲದಿರಬಹುದು.

ಜರ್ಮನಿಯಲ್ಲಿ ಫೀಸಿಲ್ಲ ಎಂದು ಹೇಳುವವರ ಮಾತು ಅರ್ಧ ನಿಜ. ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ; ಬಾಡೆನ್–ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯೂರೋಪ್ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಆದರೆ ವೀಸಾಕ್ಕೆ ಮೊದಲು ಒಂದು ವರ್ಷದ ಖರ್ಚಿನ ಹಣ, 11,904 ಯೂರೋ, ನಿರ್ಬಂಧಿತ ಖಾತೆಯಲ್ಲಿ ಇಟ್ಟು ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 12 ಲಕ್ಷ ರೂಪಾಯಿ. ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದು. ಈ ಮೊತ್ತವನ್ನು ಕೊನೆಯ ಗಳಿಗೆಯಲ್ಲಿ ಕೇಳಿ ಕಂಗಾಲಾದ ಮನೆಗಳನ್ನು ಕಂಡಿದ್ದೇನೆ.

ವಿದ್ಯಾರ್ಥಿವೇತನಗಳ ಹೆಸರು ಪೇಟೆಯ ಏಜೆಂಟರು ಹೇಳುವುದು ಕಡಿಮೆ. ಕಾಮನ್‌ವೆಲ್ತ್, ಚೀವ್ನಿಂಗ್, ಫುಲ್‌ಬ್ರೈಟ್, ಎರಾಸ್ಮಸ್ ಮುಂಡಸ್ ಇವುಗಳನ್ನು ನೀವೇ ಹುಡುಕಿಕೊಳ್ಳಬಲ್ಲಿರಿ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ದತ್ತಿಯ ಸಾಲ ವಿದ್ಯಾರ್ಥಿವೇತನವನ್ನೂ ನೋಡಿ. ನಾನು ಒತ್ತಿ ಹೇಳಬೇಕಾದದ್ದು ಇನ್ನೊಂದು. ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ವರ್ಷಕ್ಕೆ 20 ಮಂದಿಗೆ ವಿದೇಶದಲ್ಲಿ ಸ್ನಾತಕೋತ್ತರ, ಪಿಎಚ್‌.ಡಿ. ಓದಿಗೆ ಹಣ ಕೊಡುತ್ತದೆ. ಅದರಲ್ಲಿ 3 ಸ್ಥಾನ ವಿಶೇಷವಾಗಿ ದುರ್ಬಲ ಎಂದು ಗುರುತಿಸಿದ ಬುಡಕಟ್ಟುಗಳಿಗೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಕೊರಗರು ಮತ್ತು ಜೇನುಕುರುಬರು. ನಾಗರಹೊಳೆಯ ಅಂಚಿನ ಹಾಡಿಗಳಲ್ಲಿ ಜೇನುಕುರುಬರ ಮಕ್ಕಳು ಪದವಿ ಮುಗಿಸುತ್ತಿದ್ದಾರೆ. ಇಡೀ ದೇಶದ ಆ 3 ಸ್ಥಾನಗಳ ಸುದ್ದಿ ಅವರ ಹಾಡಿಗೆ ತಲುಪಿಸುವವರು ಯಾರು? ಶ್ರೀನಿವಾಸರ ಚಿತ್ರದ ಅಂಚಿನಲ್ಲಿ ಉಳಿದವರು ತಮ್ಮ ಪುಸ್ತಕವನ್ನು ತಾವೇ ಬರೆಯಬೇಕಾದರೆ ದಾರಿ ಇಲ್ಲಿಂದಲೂ ಇದೆ. ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯೂ ಪರಿಶಿಷ್ಟ ಜಾತಿ, ಪಂಗಡದವರ ವಿದೇಶಿ ಓದಿಗೆ ನೆರವಾಗುತ್ತದೆ. ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಈ ಎರಡು ಹಾಳೆಗಳು ವರ್ಷವಿಡೀ ಇರಬೇಕು.

ಹಣ ಹೊಂದಿತು ಎಂದಿಟ್ಟುಕೊಳ್ಳಿ. ಏನನ್ನು ಓದುವುದು?

ಶಿಫಾರಸು ಪತ್ರ ಕೇಳಿಕೊಂಡು ಬರುವ ವಿದ್ಯಾರ್ಥಿಗಳ ಉದ್ದೇಶ ಪತ್ರಗಳನ್ನು ನಾನು ಓದುತ್ತೇನೆ. ಬಹಳಷ್ಟು ಒಂದೇ ಅಚ್ಚಿನವು. ಬಾಲ್ಯದಿಂದಲೂ ತಂತ್ರಜ್ಞಾನದಲ್ಲಿ ಆಸಕ್ತಿ ಎಂದು ಶುರುವಾಗಿ, ನಿಮ್ಮ ಪ್ರತಿಷ್ಠಿತ ಸಂಸ್ಥೆ ಎಂದು ಮುಗಿಯುತ್ತವೆ. ಹೆಸರು ತೆಗೆದರೆ ಯಾರ ಪತ್ರವೂ ಆಗಬಹುದು. ಒಬ್ಬಳು ವಿದ್ಯಾರ್ಥಿನಿ ಇಂಥದೇ ಪತ್ರ ತಂದಿದ್ದಳು, ಡೇಟಾ ಸೈನ್ಸ್ ಓದಲು. ಮನೆ ಎಲ್ಲಮ್ಮಾ ಎಂದೆ. ಮಕ್ಕಂದೂರಿನ ಕಡೆ ಎಂದಳು. 2018ರ ಆಗಸ್ಟಿನ ಭೂಕುಸಿತ ನೆನಪಾಗದೆ ಇರುತ್ತದೆಯೇ? ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಲು ತೊಡಗಿದಳು: ತೋಟದ ಒಂದು ಮಗ್ಗುಲು ಪೂರ್ತಿ ಕೆಳಗಿಳಿದದ್ದು, ಕಾಫಿ ಗಿಡಗಳು ನಿಂತ ಹಾಗೇ ಜಾರಿ ಹೊಳೆಗೆ ಹೋದದ್ದು, ಸಿಲ್ವರ್ ಮರಗಳು ಬುಡಸಮೇತ ಮಗುಚಿದ್ದು, ಪರಿಹಾರ ಕೇಂದ್ರದಲ್ಲಿ ವಾರಗಟ್ಟಲೆ ಇದ್ದದ್ದು. ಆಮೇಲೆ ಒಂದು ಮಾತು ಹೇಳಿದಳು. “ಪಕ್ಕದವರ ತೋಟ ನಮ್ಮದಕ್ಕಿಂತ ಕಡಿದು ಸರ್. ಅದು ಜಾರ್ಲಿಲ್ಲ. ನಮ್ಮದು ಯಾಕೆ ಜಾರಿತು ಅಂತ ಅಪ್ಪ ಇವತ್ತಿಗೂ ಕೇಳ್ತಾರೆ.”

ಅವಳ ಪತ್ರದಲ್ಲಿ ಇದರ ಸುಳಿವೇ ಇರಲಿಲ್ಲ. ಇಂಥದ್ದನ್ನು ಬರೆಯಬಾರದು, ಬಡತನ, ದುಃಖ ತೋರಿಸಿದ ಹಾಗಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಅಪ್ಪ ಕೇಳುತ್ತಿರುವುದು ದುಃಖ ಮಾತ್ರವಲ್ಲಮ್ಮಾ, ಅದು ಪ್ರಶ್ನೆ ಎಂದೆ. ಮಣ್ಣಿನ ಆಳ, ಒರತೆಯ ದಾರಿ, ರಸ್ತೆಗೆಂದು ಗುಡ್ಡದ ಬುಡ ಕಡಿದದ್ದು, ಇಳಿಜಾರಿನಲ್ಲಿ ತೋಡಿದ ಕೆರೆ, ಮರ ತೆಗೆದದ್ದು, ಒಂದೇ ಸಮನೆ ಸುರಿದ ಮಳೆ, ಇವುಗಳಲ್ಲಿ ಯಾವುದು ಎಷ್ಟು ಎಂದು ಬಿಡಿಸಿ ಹೇಳುವ ವಿದ್ಯೆ ಇದೆ. ಉಪಗ್ರಹ ಚಿತ್ರ ಹಿಡಿದು ಅದನ್ನು ಕಲಿಸುವ ಸಂಸ್ಥೆಗಳಿವೆ. ನೆದರ್ಲೆಂಡ್ಸ್‌ನ ಎನ್‌ಸ್ಕೆಡೆಯಲ್ಲಿ 1950ರಷ್ಟು ಹಳೆಯ ಐಟಿಸಿ ಎಂಬ ಸಂಸ್ಥೆ ಇದೆ. ಗುಡ್ಡಗಳೇ ಅಪರೂಪವಾದ ದೇಶದಲ್ಲಿ ಭೂಕುಸಿತದ ಪಾಠ ನಡೆಯುತ್ತದೆ. ಡೇಟಾ ಸೈನ್ಸ್ ಕಲಿತ ಅವಳ ಕೈಗೆ ಅಲ್ಲಿ ಬೇಕಾದಷ್ಟು ಕೆಲಸವಿತ್ತು. ಅವಳು ಪತ್ರವನ್ನು ತಾನೇ ಮತ್ತೆ ಬರೆದಳು. ಆ ವರ್ಷ ಸೀಟು ಸಿಕ್ಕಿತು, ಹಣ ಹೊಂದಲಿಲ್ಲ. ಇಲ್ಲೇ ಸರ್ವೆ ಕೆಲಸ ಮಾಡಿಕೊಂಡಿದ್ದು ಮುಂದಿನ ವರ್ಷ ಹೋದಳು.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಎಲ್ಲರೂ ಗುಡ್ಡ, ಕಾಡು, ಒಕ್ಕ ಎಂದು ಓದಬೇಕೇ? ಚಿಪ್ ವಿನ್ಯಾಸ ಕಲಿಯುವವನು ಕೊಡಗನ್ನು ಎಲ್ಲಿ ತುರುಕಬೇಕು? ತುರುಕಬೇಕಿಲ್ಲ. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಸರ್ಕಾರದ ವಿದ್ಯಾರ್ಥಿವೇತನದಲ್ಲಿ 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಶಿಗನ್‌ಗೆ ಹೋದರು. ಮದುವೆಯಾಗದ ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ ಹೋಗುವುದೇ ದೊಡ್ಡ ಸುದ್ದಿಯಾಗಿದ್ದ ಕಾಲ. ಎಂಜಿನಿಯರಿಂಗಿನಲ್ಲಿ ಮಾಸ್ಟರ್ಸ್, 1953ರಲ್ಲಿ ಡಾಕ್ಟರೇಟ್ ಮುಗಿಸಿ ಅದೇ ಸಂಸ್ಥೆಗೆ ಮರಳಿ, ಮೈಕ್ರೋವೇವ್ ಮತ್ತು ಆಂಟೆನಾ ಕ್ಷೇತ್ರದಲ್ಲಿ ತಲೆಮಾರುಗಳಿಗೆ ಪಾಠ ಹೇಳಿದರು. ಅವರ ಸಮೀಕರಣಗಳಲ್ಲಿ ಊರಿನ ಗುರುತಿಲ್ಲ. ಆದರೆ ಯಾಕೆ ಹೋಗುತ್ತಿದ್ದೇನೆ, ಬಂದು ಎಲ್ಲಿ ನಿಲ್ಲುತ್ತೇನೆ ಎಂಬುದು ಅವರಿಗೆ ಸ್ಪಷ್ಟವಿತ್ತು. ನಾನು ಕೇಳುವ ಪ್ರಶ್ನೆ ಅದು. ಅದು ಊರಿನದಾದರೆ ನನಗೆ ಸಂತೋಷ, ನಿಮ್ಮದಂತೂ ಆಗಿರಲೇಬೇಕು.

ಮರಳಿ ಬರುವ ಬಗ್ಗೆ ಒಂದು ಮಾತು. ಬಾರದವರನ್ನು ದೂರುವುದು ನಮಗೆ ಅಭ್ಯಾಸವಾಗಿದೆ; ಬಂದವರು ಹೇಗೆ ಬಂದರು ಎಂದು ನೋಡುವುದು ಕಡಿಮೆ. ಶ್ರೀನಿವಾಸರಿಗೆ 1948ರಲ್ಲಿ ಆಕ್ಸ್‌ಫರ್ಡಿನಲ್ಲೇ ಭಾರತೀಯ ಸಮಾಜಶಾಸ್ತ್ರದ ಹೊಸ ಉಪನ್ಯಾಸಕ ಹುದ್ದೆ ಸಿಕ್ಕಿತು. ಮೊದಲ ವರ್ಷವನ್ನು ಹಳ್ಳಿಯಲ್ಲಿ ಕಳೆಯಲು ಇವಾನ್ಸ್–ಪ್ರಿಚರ್ಡ್ ಒಪ್ಪಿದರು. ಆ ವರ್ಷ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ಇದ್ದು ಕಂಡದ್ದನ್ನೇ ಮುಂದೆ ಅವರು ರಾಮಪುರ ಎಂಬ ಹೆಸರಿಟ್ಟು ಬರೆದರು. 1951ರಲ್ಲಿ ಆಕ್ಸ್‌ಫರ್ಡ್ ಬಿಟ್ಟು ಬರೋಡಾಕ್ಕೆ ಬಂದರು, 1959ರಲ್ಲಿ ದೆಹಲಿಗೆ, 1972ರಲ್ಲಿ ಬೆಂಗಳೂರಿಗೆ. ಹೋದ ಕಡೆಯಲ್ಲೆಲ್ಲ ವಿಭಾಗಗಳನ್ನು ಕಟ್ಟಿದರು. ಬಂದು ಕೂತು ಕೆಲಸ ಮಾಡಲು ಜಾಗ ಇದ್ದದ್ದರಿಂದ ಬರುವುದು ಸಾಧ್ಯವಾಯಿತು. ನಮ್ಮಲ್ಲಿ ಪೊನ್ನಂಪೇಟೆ ಕಾಲೇಜಿದೆ, ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಈಗ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯವೂ ಇದೆ. ಆ ವಿಶ್ವವಿದ್ಯಾಲಯವನ್ನು ನಡೆಸುವುದು ಹೊರೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ನನಗೆ ಅದು ನೋವು ತರುವ ಮಾತು. ಎನ್‌ಸ್ಕೆಡೆಯಿಂದ ಆ ಹುಡುಗಿ ಬಂದರೆ ಎಲ್ಲಿ ಕೂರಿಸುತ್ತೇವೆ?

ಕೊನೆಯದಾಗಿ ಸಮಿತಿಗೆ ಒಂದು ಕೋರಿಕೆ. ಕೊಡಗಿನ ಮೇಲೆ ಎಮೆನೊ ಅವರ ಭಾಷಾಶಾಸ್ತ್ರದ ಬರಹಗಳಿಂದ ಹಿಡಿದು ಇಂದಿನ ಆನೆ–ಮಾನವ ಸಂಘರ್ಷದ ಅಧ್ಯಯನಗಳವರೆಗೆ, ದೇಶ ವಿದೇಶಗಳ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಕೆಲಸ ನಡೆದಿದೆ. ಅವೆಲ್ಲ ಒಂದೇ ಕಡೆ ಓದಲು ಸಿಗುವ ಕಪಾಟು ಮಡಿಕೇರಿಯಲ್ಲಿ ಬೇಕು. ಈ ದತ್ತಿಯ ಬಡ್ಡಿಯಲ್ಲಿ ಉಪನ್ಯಾಸದ ಖರ್ಚು ಕಳೆದು ಉಳಿಯುವ ಹಣವನ್ನು ಎರಡು ಕೆಲಸಕ್ಕೆ ಬಳಸಲು ದಾನಿಗಳು ಒಪ್ಪಿದರೆ ಒಳ್ಳೆಯದು. ಒಂದು, ಆ ಪ್ರಬಂಧಗಳ ಪ್ರತಿ ತರಿಸಿ ಪ್ರತಿಯೊಂದಕ್ಕೂ ಹತ್ತು ಪುಟದ ಕನ್ನಡ ಸಾರ ಬರೆಸುವುದು. ಎರಡು, ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳ ಭಾಷಾ ಪರೀಕ್ಷೆ ಮತ್ತು ಅರ್ಜಿ ಶುಲ್ಕ ಕಟ್ಟುವುದು. ಅದರಲ್ಲಿ ಒಬ್ಬರು ಹಾಡಿಯಿಂದಲೋ ಲೈನ್ ಮನೆಯಿಂದಲೋ ಬಂದವರಾಗಿರಬೇಕು. ನೆರವು ಪಡೆದವರು ತಮ್ಮ ಪ್ರಬಂಧದ ಒಂದು ಪ್ರತಿಯನ್ನೂ ಕನ್ನಡ ಸಾರವನ್ನೂ ಆ ಕಪಾಟಿಗೆ ಕೊಡಬೇಕು. ನಾನು ಕಲೆಹಾಕಿದ ಪ್ರಬಂಧಗಳ ಪಟ್ಟಿಯನ್ನು ಕಾರ್ಯದರ್ಶಿಗಳ ಕೈಗೆ ಈಗಾಗಲೇ ಕೊಟ್ಟಿದ್ದೇನೆ. ಅದು ಅಪೂರ್ಣ. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಕೊಡಗಿನ ಮೇಲೆ ಪ್ರಬಂಧ ಬರೆದವರಿದ್ದರೆ ಹೊರಗೆ ಹೋಗುವ ಮೊದಲು ಅವರ ಹೆಸರನ್ನು ಅದರಲ್ಲಿ ಸೇರಿಸಿ.